ಕವಣೆಯಿಂದ ಕರೆಂಟು ತಂತಿಗೆ: ಮೈಸೂರು ಸೀಮೆಯ ಹೊಲಗಳಲ್ಲಿ ಹಂದಿ ಕಾವಲಿನ ಚರಿತ್ರೆ

ಮೈಸೂರು ಅರಮನೆಯ ಕೋಟೆಯೊಳಗೆ ಶ್ವೇತವರಾಹಸ್ವಾಮಿಗೆ ಗುಡಿಯಿದೆ. ಅಲ್ಲಿಯ ಮೂರ್ತಿಯನ್ನು ಚಿಕ್ಕದೇವರಾಜ ಒಡೆಯರು ಶ್ರೀಮುಷ್ಣಂನಿಂದ ತಂದರೆಂಬುದು ಪ್ರತೀತಿ. ಚಾಲುಕ್ಯರ ಲಾಂಛನ ವರಾಹ, ವಿಜಯನಗರದ ಹೊನ್ನಿನ ನಾಣ್ಯದ ಹೆಸರೂ ವರಾಹ. ಅದೇ ಪ್ರಾಣಿ ಕತ್ತಲಲ್ಲಿ ರಾಗಿ ಹೊಲಕ್ಕೆ ನುಗ್ಗಿದಾಗ ಅದನ್ನು ತಡೆದವರು ಯಾರು, ಯಾವ ಆಯುಧದಿಂದ, ಯಾವ ಕೂಲಿಗೆ ಎಂಬುದನ್ನು ನಮ್ಮ ಚರಿತ್ರೆಕಾರರು ಅಷ್ಟಾಗಿ ಕೇಳಿಲ್ಲ. ಬೇಟೆಯ ಚರಿತ್ರೆ ಎಂದೊಡನೆ ಅರಸರ ಹುಲಿಬೇಟೆ, ಆನೆ ಹಿಡಿಯುವ ಕಾಕನಕೋಟೆಯ ಖೆಡ್ಡಾ ಮುಂದೆ ಬರುತ್ತವೆ. ಹೊಲದ ರಾತ್ರಿಬೇಟೆಗೆ ಬೇರೆಯದೇ ಚರಿತ್ರೆಯಿದೆ. ಬೇಟೆಗಾರನಿಗಿಂತ ಹೆಚ್ಚಾಗಿ ಅದು ಕಾವಲುಗಾರನ ಚರಿತ್ರೆ ಎಂಬುದು ಈ ಲೇಖನದ ವಾದ.

ಈ ಸೀಮೆಯ ಹಂದಿಬೇಟೆಗೆ ಸಿಕ್ಕುವ ಅತಿ ಪ್ರಸಿದ್ಧ ದಾಖಲೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ, ಕಾಲ ಕ್ರಿ.ಶ. 949–50. ಚೋಳರ ವಿರುದ್ಧದ ತಕ್ಕೋಲದ ಕಾಳಗದಲ್ಲಿ ಗಂಗ ದೊರೆ ಬೂತುಗನ ಕಡೆಯ ಮಣಲೆರ ಮೆರೆದ ಪರಾಕ್ರಮಕ್ಕೆ ಒಡೆಯ ಮೆಚ್ಚಿ ಬೇಕಾದ್ದನ್ನು ಬೇಡಿಕೊಳ್ಳೆಂದಾಗ, ಅವನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಬೆಳತೂರಿನ ಪಡುವಣ ಮೊರಡಿಯಲ್ಲಿ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿದ್ದು, ಎರಡೂ ಸತ್ತವು. ನಾಯಿಯ ನೆನಪಿಗೆ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು. ಕಲ್ಲಿಗೆ ಪೂಜೆ ಮಾಡದೆ ಗುಡಿಯ ಗೊರವ ಉಣ್ಣುವಂತಿಲ್ಲ ಎಂಬ ಕಟ್ಟಳೆಯೂ ಅದರಲ್ಲಿದೆ. ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ನಾಯಿ ಮತ್ತು ಹಂದಿ ಇಂದಿಗೂ ಹೆಣಗುತ್ತಿವೆ. ಒಂದು ನಾಯಿಗೆ ಇಷ್ಟು ಪ್ರೀತಿಯ ಸ್ಮಾರಕ ಕಂಡಾಗಲೆಲ್ಲ ಮನಸ್ಸು ತುಂಬುತ್ತದೆ. ಆದರೆ ಇದು ವೀರರ ಬೇಟೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಬರುವ ಮೃಗಯಾ ವಿನೋದವೂ, ಹಂದಿ ಮಾಂಸದ ಅಡುಗೆಯೂ ಇದೇ ಲೋಕಕ್ಕೆ ಸೇರಿದವು. ಬೆಳೆ ಕಳೆದುಕೊಂಡವನ ಮಾತು ಎರಡರಲ್ಲೂ ಇಲ್ಲ.

ಆ ಮಾತಿನ ಹತ್ತಿರಕ್ಕೆ ಬರಲು 1800ರವರೆಗೆ ಕಾಯಬೇಕು. ಟಿಪ್ಪು ಮಡಿದ ಮರುವರ್ಷ ಕಂಪನಿ ಸರ್ಕಾರದ ಅಪ್ಪಣೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಬರೆದ ವರದಿ 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಕಾಡಂಚಿನ ಕಾಡುಕುರುಬರ ಬಗ್ಗೆ ಅವನು ಬರೆದ ಕೆಲವೇ ಸಾಲುಗಳು ನಮ್ಮ ವಿಷಯಕ್ಕೆ ಬಹಳ ಬೆಲೆಯುಳ್ಳವು. ಬೆಳೆಯ ಕಾಲದಲ್ಲಿ ಅವರಲ್ಲಿ ಕೆಲವರು ಕೂಲಿಗೆ ರೈತರ ಹೊಲಗಳನ್ನು ರಾತ್ರಿಯಿಡೀ ಕಾಯುತ್ತಿದ್ದರು. ಬರುತ್ತಿದ್ದದ್ದು ಆನೆ ಮತ್ತು ಹಂದಿ. ಆನೆ ಬಂದರೆ ಉರಿಯುವ ಬಿದಿರಿನ ಪಂಜು ಹಿಡಿದು ಅದರತ್ತಲೇ ಓಡಬೇಕು. ಕೆಲವು ಸಲ ಆನೆ ತಿರುಗಿ ನಿಲ್ಲುತ್ತದೆ. ಆಗಲೂ ಹಿಂಜರಿಯದೆ ಮುನ್ನುಗ್ಗಿ ಪಂಜನ್ನು ಅದರ ತಲೆಗೇ ಬಡಿಯಬೇಕು. ಎದೆಗುಂದಿ ಬೆನ್ನು ತೋರಿಸಿದವನು ಉಳಿಯುವುದಿಲ್ಲ. ಹಂದಿಗಾದರೆ ಕವಣೆಕಲ್ಲು. ಆದರೆ ಕಾಡುಹಂದಿಯನ್ನು ಕೊಲ್ಲುವುದು ಅವರಿಂದಾಗದ ಕೆಲಸ, ಅದು ಅಷ್ಟು ಉಗ್ರ ಪ್ರಾಣಿ ಎಂದೂ ಬುಕಾನನ್ ಸೇರಿಸುತ್ತಾನೆ. ಜಿಂಕೆ, ಮೊಲ ಹಿಡಿಯಲು ಅವರಲ್ಲಿ ನಾಯಿಗಳಿದ್ದವು, ನವಿಲಿಗೆ ಉರುಳಿತ್ತು. ಹಂದಿಯನ್ನು ಮಾತ್ರ ಅಟ್ಟುತ್ತಿದ್ದರು.

ಅಂದರೆ ಬೇಟೆ ಬಲ್ಲ ಜನರೇ ಹೊಲದಲ್ಲಿ ಬೇಟೆಯಾಡದೆ ಕಾಯುತ್ತಿದ್ದರು. ಆ ಕಾವಲನ್ನು ನಾನು ಕೊಂಡಾಡುತ್ತಿಲ್ಲ. ಕಾಡುಕುರುಬರ ಬಡತನ, ಹುಲಿಯನ್ನು ತಡೆಯಲಾರದ ಅವರ ಗುಡಿಸಲುಗಳ ದುರ್ಬಲತೆ ಬುಕಾನನ್‌ನ ಬರಹದಲ್ಲಿ ಎದ್ದು ಕಾಣುತ್ತವೆ. ಆದರೂ ಆ ವ್ಯವಸ್ಥೆಯಲ್ಲಿ ಹೊಲಕ್ಕೆ ಒಂದು ಜೊತೆ ಕಣ್ಣಿತ್ತು. ಬಂದದ್ದು ಹಂದಿಯೋ, ಜಿಂಕೆಯೋ, ದಾರಿ ತಪ್ಪಿದ ದನವೋ ಎಂದು ನೋಡಿದ ಮೇಲೆಯೇ ಕವಣೆ ಬೀಸುತ್ತಿತ್ತು.

ಕಾಡುಹಂದಿಗೆ ಕಣ್ಣು ಮಂದ, ಮೂಗು ಚುರುಕು. ಜನ ಓಡಾಡುವೆಡೆ ಅದು ರಾತ್ರಿಯ ಪ್ರಾಣಿಯಾಗುತ್ತದೆ. ರಾಗಿ ಹಾಲುಗಟ್ಟುವಾಗ, ಜೋಳದ ತೆನೆ ಬಲಿಯುವಾಗ, ನೆಲಗಡಲೆ ಕಾಯಿ ಕಟ್ಟುವಾಗ ಹಿಂಡು ಇಳಿಯುತ್ತದೆ. ತಿಂದದ್ದಕ್ಕಿಂತ ಮೂತಿಯಿಂದ ಉತ್ತು, ತುಳಿದು ಕೆಡಿಸುವುದೇ ಹೆಚ್ಚು. ಅಟ್ಟಣೆಯ ಮೇಲೆ ಕೂತವನು ಗಾಳಿಯ ದಿಕ್ಕು ನೋಡಿಕೊಂಡೇ ಕೂರಬೇಕು, ಬೀಡಿಯ ವಾಸನೆಯೂ ಸಾಕು ಅದು ತಿರುಗಿ ಹೋಗಲು. ಅಟ್ಟುವುದಷ್ಟೇ ಗುರಿಯಾದವನಿಗೆ ಅದು ಲಾಭ, ಕೋವಿ ಹಿಡಿದು ಕೂತವನಿಗೆ ನಷ್ಟ.

ಕೋವಿ ಬಂದ ಮೇಲೆ ಕಾವಲು ಬೇಟೆಯ ಕಡೆ ವಾಲಿತು. 1959ರ ಆಯುಧ ಕಾಯಿದೆ ನಿಜವಾದ ಬೆಳೆ ರಕ್ಷಣೆಗೆಂದು ಮೂತಿಯಿಂದ ಮದ್ದು ತುಂಬುವ ಕೋವಿಯನ್ನು ಹೆಸರಿಸಿಯೇ ಲೈಸೆನ್ಸಿಗೆ ಎಡೆ ಕೊಟ್ಟಿತು. ಚುನಾವಣೆ ಬಂದಾಗ ಆ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕಾಗುತ್ತದೆ, ಹಂದಿಗೆ ಮಾತ್ರ ನೀತಿಸಂಹಿತೆ ಇಲ್ಲ ಎಂಬುದು ರೈತರ ಹಳೆಯ ದೂರು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1991ರಲ್ಲಿ ತಂದ ತಿದ್ದುಪಡಿ ಲೈಸೆನ್ಸಿನ ಬೇಟೆಗೇ ತೆರೆ ಎಳೆಯಿತು. ಉಳಿದದ್ದು 11ನೆಯ ಸೆಕ್ಷನ್: ನಿಂತ ಬೆಳೆಗೆ ಅಪಾಯವೆಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟವರೋ ಲಿಖಿತ ಅಪ್ಪಣೆ ನೀಡಬಹುದು. 2022ರಲ್ಲಿ ಕೇರಳ ಆ ಅಧಿಕಾರವನ್ನು ಪಂಚಾಯಿತಿ ಮುಖ್ಯಸ್ಥರವರೆಗೆ ಇಳಿಸಿತು. ಅದೇ ವರ್ಷದ ಕೇಂದ್ರದ ತಿದ್ದುಪಡಿಯಲ್ಲಿ ಕಾಡುಹಂದಿ ಈ ಸೆಕ್ಷನ್ ಅನ್ವಯಿಸುವ ಎರಡನೆಯ ಷೆಡ್ಯೂಲಿನಲ್ಲಿದೆ.

ಕಾಯಿದೆಯ ಉದ್ದೇಶವನ್ನು ನಾನು ಒಪ್ಪುತ್ತೇನೆ. ಅದಿಲ್ಲದಿದ್ದರೆ ಬಂಡೀಪುರ, ನಾಗರಹೊಳೆಗಳ ಹುಲಿ, ಸೀಳುನಾಯಿಗಳಿಗೆ ಇಷ್ಟು ಬಲಿಪ್ರಾಣಿ ಉಳಿಯುತ್ತಿರಲಿಲ್ಲ. ನನ್ನ ಆಕ್ಷೇಪ ಬೇರೆ. ಕೋವಿಯನ್ನು ಹಿಂದೆ ಸರಿಸಿದ ಕಾನೂನು ಕಾವಲನ್ನು ಮುಂದೆ ತರಲಿಲ್ಲ. ಕೂಲಿಯಾಳು ಸಿಗದ, ಹಗಲೆಲ್ಲ ದುಡಿದು ರಾತ್ರಿ ಎಚ್ಚರವಿರಲಾಗದ ರೈತನ ಹೊಲಕ್ಕೆ ಉರುಳು, ಸಿಡಿಮದ್ದಿನ ಉಂಡೆ, ಬೇಲಿಗೆ ನೇರ ಹಾಯಿಸಿದ ಕರೆಂಟು ಬಂದವು. ಮೂರೂ ಅಪರಾಧ, ಮೂರೂ ಕುರುಡು. ಹಂದಿಗೆಂದು ಬಿಗಿದ ಬೈಕಿನ ಕ್ಲಚ್ ತಂತಿಗೆ ಚಿರತೆ ಸೊಂಟ ಸಿಕ್ಕಿಸಿಕೊಳ್ಳುತ್ತದೆ. ಮದ್ದಿನ ಉಂಡೆ ಹಸುವಿನ ದವಡೆ ಒಡೆಯುತ್ತದೆ. ತಂತಿ ಬೇಲಿಗೆ ಆನೆ ಸತ್ತದ್ದುಂಟು, ನೀರು ಹಾಯಿಸಲು ಹೋದ ರೈತರೇ ಸತ್ತದ್ದೂ ಉಂಟು.

ಈಗ ಸರ್ಕಾರ ಬೆಳೆಹಾನಿಗೆ ಪರಿಹಾರ ಕೊಡುತ್ತದೆ. 2015ರಿಂದ ಬಂಡೀಪುರ, ನಾಗರಹೊಳೆ ಸುತ್ತಿನ ಹಳ್ಳಿಗಳಲ್ಲಿ ‘ವೈಲ್ಡ್ ಸೇವೆ’ ಎಂಬ ಯೋಜನೆಯವರು ಫೋನ್ ಕರೆಗೆ ಬಂದು ಅರ್ಜಿ ತುಂಬಲು ನೆರವಾಗುತ್ತಿದ್ದಾರೆ, ಒಳ್ಳೆಯ ಕೆಲಸ. ಆದರೆ ಪರಿಹಾರ ಹಾಳಾದ ಬೆಳೆಯ ಲೆಕ್ಕದ ಮೇಲೆ ನಿಂತಿದೆ, ಬೆಳೆ ಉಳಿಸಲು ನಿದ್ದೆಗೆಟ್ಟ ರಾತ್ರಿಗೆ ಅದರಲ್ಲಿ ಕಲಮಿಲ್ಲ. ರಾಗಿ, ಜೋಳ ಬಲಿಯುವ ಕೆಲವು ವಾರಗಳ ಮಟ್ಟಿಗೆ ಪಂಚಾಯಿತಿಯೇ ಸರದಿಯ ಮೇಲೆ ಕಾವಲುಗಾರರನ್ನು ನೇಮಿಸಿ, ನ್ಯಾಯವಾದ ದಿನಗೂಲಿ, ಟಾರ್ಚು, ವಿಮೆ ಕೊಡುವುದು ಆಗದ ಕೆಲಸವಲ್ಲ. ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಅದನ್ನು ಮೊದಲು ಮಾಡಿ ನೋಡಬಹುದು.