ರಸ್ತೆಯ ಎಂಜಿನ್ನಿಗೆ ಆಕಾಶದ ಹಾದಿ

ತಂಗಿಯ ಮಗ ಧಾರವಾಡದ ಲಕಮನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ವರ್ಕ್‌ಶಾಪಿನಲ್ಲಿ ಲೇತ್ ನಡೆಸುತ್ತಾನೆ. ಹೋದ ಮಳೆಗಾಲದಲ್ಲಿ ಒಂದು ದಿನ, “ದೊಡ್ಡವ್ವ, ಹಳೇ ಮಾರುತಿ ಎಂಜಿನ್ ಸಿಕ್ಕೈತಿ, ಸಣ್ಣ ವಿಮಾನ ಮಾಡ್ತೀನಿ” ಎಂದ. ರೊಟ್ಟಿ ಬಡಿಯುತ್ತಿದ್ದ ತಂಗಿ ಕೈ ನಿಲ್ಲಿಸಿ ನನ್ನ ಮುಖ ನೋಡಿದಳು. ನಾನೋ ಇತಿಹಾಸದ ಮಾಸ್ತರಿಣಿ. ಬೇಡವೆನ್ನುವ ಮೊದಲು ಓದಿ ನೋಡೋಣವೆಂದೆ.

ಹಾಗೆ ಹಾರಿದವರಿದ್ದಾರೆ! 1929ರಲ್ಲಿ ಅಮೆರಿಕದ ಚೆರಿ ಗ್ರೋವ್ ಎಂಬ ಹಳ್ಳಿಯ ಬರ್ನಾರ್ಡ್ ಪೀಟೆನ್‌ಪೋಲ್, ಕಟ್ಟಿಗೆ ಮತ್ತು ಬಟ್ಟೆಯ ವಿಮಾನಕ್ಕೆ ಫೋರ್ಡ್ ಮಾಡೆಲ್ ಎ ಕಾರಿನ ಎಂಜಿನ್ ಕೂಡಿಸಿದ. ಶಕ್ತಿ ಸುಮಾರು 40 ಅಶ್ವಶಕ್ತಿ. ನಿಧಾನ ತಿರುಗುವ ಎಂಜಿನ್ ಆದ್ದರಿಂದ ಪಂಖವನ್ನು ನೇರ ಅದಕ್ಕೇ ಬಿಗಿದ. 1932ರಲ್ಲಿ ಅದರ ನಕ್ಷೆ ಅಚ್ಚಾಯಿತು. ಇಂದಿಗೂ ಅದನ್ನು ನೋಡಿ ಕಟ್ಟುವವರಿದ್ದಾರೆ.

ಆದರೆ ಕಾರು ಕೆಟ್ಟರೆ ರಸ್ತೆ ಬದಿಗೆ ನಿಲ್ಲಿಸಿ ಇಳಿಯಬಹುದು, ಮೇಲೆ ಬದಿಯೇ ಇಲ್ಲ. ಕಾರಿನಲ್ಲಿ ಪ್ರತಿ ಸಿಲಿಂಡರಿಗೆ ಸಾಮಾನ್ಯವಾಗಿ ಒಂದೇ ಪ್ಲಗ್. ವಿಮಾನದ ಎಂಜಿನ್ನಿಗೆ ಎರಡು, ಅವಕ್ಕೆ ಬೇರೆ ಬೇರೆ ಕಿಡಿಯ ವ್ಯವಸ್ಥೆ. ಒಂದು ಸತ್ತರೂ ಇನ್ನೊಂದು ಮನೆ ಮುಟ್ಟಿಸುತ್ತದೆ. ಇನ್ನೊಂದು ವಿಷಯ ನನಗೆ ಅಚ್ಚರಿ ತಂದಿತು. ಹರವಿಯ ನೀರು ಆರುತ್ತ ತಂಪಾಗುವಂತೆ, ಕಾರ್ಬುರೇಟರಿನಲ್ಲಿ ಪೆಟ್ರೋಲು ಆವಿಯಾಗುವಾಗ ಒಳಗೆ ಚಳಿ ಹುಟ್ಟುತ್ತದೆ. ನಮ್ಮ ಶ್ರಾವಣದಂಥ ತೇವದ ಗಾಳಿಯಲ್ಲಿ ಅದರ ಗಂಟಲಿಗೆ ಮಂಜುಗಡ್ಡೆ ಕಟ್ಟಿ ಎಂಜಿನ್ನಿನ ಉಸಿರೇ ನಿಲ್ಲಬಹುದು! ಹೊಗೆಕೊಳವೆಯ ಸುತ್ತ ಕಾಯಿಸಿದ ಗಾಳಿಯನ್ನು ಅದಕ್ಕೆ ಬಿಡುವುದೇ ಮದ್ದು.

ಈಚಿನ ಕಾರಿನ ಎಂಜಿನ್ನುಗಳು ಬಲ ಕೊಡುವುದು ಬಹಳ ವೇಗವಾಗಿ ತಿರುಗಿದಾಗ. ಪಂಖಕ್ಕೆ ಅಷ್ಟು ವೇಗ ಆಗದು. ನಡುವೆ ಗೇರು ಅಥವಾ ಬೆಲ್ಟು ಹಾಕಬೇಕು. ಅಲ್ಲಿ ಹುಟ್ಟುವ ನಡುಕ ಉಕ್ಕಿನ ದಂಡವನ್ನೂ ಮುರಿದೀತು.

ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಹಂಸ ವಿಮಾನ ಮೊದಲು ಹಾರಿದ್ದು 1993ರಲ್ಲಿ. 2000ದಲ್ಲಿ ಮಾನ್ಯತೆ ಪಡೆದ ಹಂಸ-3ಕ್ಕೆ ಹಾಕಿದ್ದು ಆಸ್ಟ್ರಿಯದ ರೋಟಾಕ್ಸ್ 914. ಅದು ಕಾರಿನದಲ್ಲ, ವಿಮಾನಕ್ಕೆಂದೇ ಮಾಡಿದ್ದು. ಮೇಲೆ ಹೇಳಿದ ಎರಡು ಕಿಡಿಯೂ ಗೇರೂ ಅದರಲ್ಲಿವೆ. ಎಂಜಿನ್ ನಿಮಿಷಕ್ಕೆ 5,800 ಸುತ್ತು ತಿರುಗಿದರೆ ಪಂಖ ಸುಮಾರು 2,400.

ಇದನ್ನೆಲ್ಲ ಹುಡುಗನಿಗೆ ಹೇಳಿದೆ. ಸರ್ಕಾರದ ಅನುಮತಿಯಿಲ್ಲದೆ ಹಾರುವಂತಿಲ್ಲ ಎಂಬುದನ್ನೂ. ಮುಖ ಸಣ್ಣದು ಮಾಡಲಿಲ್ಲ, ಕಾಗದದ ಮೇಲೆ ಬರೆದುಕೊಂಡ. ಈಗ ಆ ಎಂಜಿನ್ ವರ್ಕ್‌ಶಾಪಿನ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂತಿದೆ. ಎರಡನೆಯ ಕಿಡಿಯ ವ್ಯವಸ್ಥೆ ಆಗಿ, ನೆಲದ ಮೇಲೇ ನೂರು ತಾಸು ನಿಲ್ಲದೆ ಓಡುವ ತನಕ ರೆಕ್ಕೆಯ ಮಾತು ಎತ್ತುವುದಿಲ್ಲವೆಂದು ಅವ್ವನಿಗೆ ಮಾತು ಕೊಟ್ಟಿದ್ದಾನೆ. ತಂಗಿ ಆ ತಾಸುಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾಳೆ. ಮೊನ್ನೆಗೆ ಹನ್ನೊಂದಾಗಿತ್ತು.