ಕೂಳೆ ಕಬ್ಬಿನಂಥ ಸಿನಿಮಾಗಳು: ‘ಜೋಗಿ’ ಆದ ಮೇಲೆ ‘ಜೋಗಯ್ಯ’ ಯಾಕೆ ಬೇಕಿತ್ತು?

2005ರಲ್ಲಿ ನಮ್ಮ ತಾಲ್ಲೂಕಿನ ಟಾಕೀಸಿಗೆ ‘ಜೋಗಿ’ ಬಂದಾಗ ನಾನಿನ್ನೂ ಸ್ಕೂಲಿಗೆ ಹೋಗುತ್ತಿದ್ದೆ. ನಮ್ಮ ಬೀದಿಯ ಹೆಂಗಸರೆಲ್ಲ ಒಂದು ಟ್ರ್ಯಾಕ್ಟರ್ ಗೊತ್ತು ಮಾಡಿಕೊಂಡು ಟ್ರೇಲರಿನಲ್ಲಿ ಕೂತು ಮ್ಯಾಟಿನಿಗೆ ಹೋದರು. ಅವರಲ್ಲಿ ಮೂವರ ಮಕ್ಕಳು ಆಗಲೇ ಬೆಂಗಳೂರು ಸೇರಿದ್ದರು. ಒಬ್ಬ ಗಾರ್ಮೆಂಟ್ಸ್‌ನಲ್ಲಿದ್ದ, ಒಬ್ಬ ಹೋಟೆಲಿನಲ್ಲಿದ್ದ. ಇನ್ನೊಬ್ಬ ಎಲ್ಲಿದ್ದಾನೆ ಅಂತ ಯಾರಿಗೂ ಗೊತ್ತಿರಲಿಲ್ಲ. ವಾಪಸ್ ಬರುವಾಗ ದಾರಿಯುದ್ದಕ್ಕೂ ಯಾರೂ ತುಟಿ ಬಿಚ್ಚಲಿಲ್ಲ ಅಂತ ನಮ್ಮವ್ವ ಈಗಲೂ ಹೇಳುತ್ತಾಳೆ.

2011ರಲ್ಲಿ ‘ಜೋಗಯ್ಯ’ ಬಂತು. ಅದೇ ಟಾಕೀಸು. ಈ ಸಲ ಅವ್ವನನ್ನು ಬೈಕಿನಲ್ಲಿ ಕೂರಿಸಿಕೊಂಡು ನಾನೇ ಕರೆದುಕೊಂಡು ಹೋದೆ. ಇಂಟರ್‌ವಲ್‌ನಲ್ಲಿ ಕಡ್ಲೆಕಾಯಿ ಸುಲಿಯುತ್ತಾ ಅವಳು ಕೇಳಿದ್ದು ಒಂದೇ ಮಾತು: “ಅವನ ಕತೆ ಅವತ್ತೇ ಮುಗಿದಿತ್ತಲ್ಲ, ಮತ್ಯಾಕೆ ಎಳ್ಕೊಂಡ್ ಬಂದ್ರು?”

ಆ ಪ್ರಶ್ನೆ ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಚೆನ್ನಾಗಿದ್ದ ಸಿನಿಮಾದ ಎರಡನೇ ಭಾಗ ನೋಡಿ ನಿರಾಸೆಯಿಂದ ಮನೆಗೆ ಬಂದವರು ನಿಮ್ಮಲ್ಲೂ ಇದ್ದೀರಿ. ಅದು ಯಾಕೆ ಹಾಗಾಗುತ್ತದೆ? ಉತ್ತರ ಹುಡುಕಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಸಿಐಡಿ 999ರ ಕಾಲ

ಕನ್ನಡದಲ್ಲಿ ಒಂದೇ ಪಾತ್ರವನ್ನು ಮತ್ತೆ ಮತ್ತೆ ತೆರೆಗೆ ತರುವುದು ಹೊಸದೇನಲ್ಲ. 1968ರಲ್ಲಿ ದೊರೈ–ಭಗವಾನ್ ಜೋಡಿ ‘ಜೇಡರ ಬಲೆ’ ಮಾಡಿತು. ಪೌರಾಣಿಕ, ಐತಿಹಾಸಿಕ ಪಾತ್ರಗಳಲ್ಲಿ ಜನ ಕೈಮುಗಿದು ನೋಡುತ್ತಿದ್ದ ರಾಜ್‌ಕುಮಾರ್ ಅದರಲ್ಲಿ ಸೂಟು ಬೂಟು ಹಾಕಿ ಗೂಢಚಾರರಾದರು. ಪಾತ್ರದ ಹೆಸರು ಪ್ರಕಾಶ್, ಸಿಐಡಿ 999. ಸಿನಿಮಾ ಗೆದ್ದಿತು. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’ ಬಂತು. ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’ ಬಂತು.

ನಾಲ್ಕು ಸಿನಿಮಾ ಬಂದರೂ “ಇವನನ್ನು ಯಾಕೆ ಮತ್ತೆ ಕರೆತಂದರು” ಅಂತ ಕೇಳುವ ಹಾಗಿರಲಿಲ್ಲ. ಪತ್ತೇದಾರನ ಕೆಲಸವೇ ಹಾಗೆ. ಒಂದು ಕೇಸು ಮುಗಿದರೆ ಇನ್ನೊಂದು ಕಾದಿರುತ್ತದೆ. ಕಳ್ಳ ಸಿಕ್ಕಿಬಿದ್ದ ಅಂದರೆ ಆ ಕೇಸು ಮುಗಿಯಿತು ಅಷ್ಟೇ, ಪ್ರಕಾಶನ ಬದುಕು ಮುಗಿಯಲಿಲ್ಲ. ಹೊಲ ಒಂದೇ ಆದರೂ ಪ್ರತಿ ಸಲ ಹೊಸದಾಗಿ ಉತ್ತು ಬಿತ್ತಿದ ಹಾಗೆ.

ಬಾಗಿಲು ಹಾಕಿಕೊಂಡ ಕತೆಗಳು

ಈಗ 1972ಕ್ಕೆ ಬನ್ನಿ. ಕನ್ನಡಿಗರು ಮರೆಯದ ಎರಡು ಸಿನಿಮಾ ಆ ಒಂದೇ ವರ್ಷ ಬಂದವು. ಸಿದ್ಧಲಿಂಗಯ್ಯನವರ ‘ಬಂಗಾರದ ಮನುಷ್ಯ’ ಮತ್ತು ಪುಟ್ಟಣ್ಣ ಕಣಗಾಲರ ‘ನಾಗರಹಾವು’. ಎರಡೂ ಕಾದಂಬರಿಯಿಂದ ಹುಟ್ಟಿದವು. ಒಂದು ಟಿ.ಕೆ. ರಾಮರಾವ್ ಅವರದು, ಇನ್ನೊಂದು ತ.ರಾ.ಸು. ಅವರದು.

‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷ ಓಡಿತು. ಅದನ್ನು ನೋಡಿ ಪಟ್ಟಣ ಬಿಟ್ಟು ಊರಿಗೆ ಬಂದು ನೇಗಿಲು ಹಿಡಿದವರಿದ್ದಾರೆ ಅಂತ ಹಳೆಯ ಜನ ಇಂದಿಗೂ ಹೇಳುತ್ತಾರೆ. ಅಷ್ಟು ದೊಡ್ಡ ಗೆಲುವು. ಈಗಿನ ಲೆಕ್ಕದಲ್ಲಿ ನೋಡಿದರೆ ಅದಕ್ಕೆ ಎರಡನೇ ಭಾಗ ಬರಲೇಬೇಕಿತ್ತು. ಬರಲಿಲ್ಲ. ರಾಜೀವಪ್ಪ ತಾನು ಕಟ್ಟಿದ ಮನೆಯಲ್ಲೇ ಚುಚ್ಚುಮಾತು ಕೇಳಿ, ಎಲ್ಲ ಬಿಟ್ಟು ಊರಿಂದ ನಡೆದುಹೋಗುತ್ತಾನೆ. ಎಲ್ಲಿಗೆ ಹೋದ? ತಿರುಗಿ ಬಂದನೇ? ಸಿನಿಮಾ ಹೇಳುವುದಿಲ್ಲ. ಹೇಳದೇ ಇದ್ದದ್ದಕ್ಕೇ ಐವತ್ತು ವರ್ಷ ಆದರೂ ಅವನು ನಮ್ಮ ಜೊತೆ ನಡೆಯುತ್ತಲೇ ಇದ್ದಾನೆ.

‘ನಾಗರಹಾವು’ ಕೂಡ ಹಾಗೆಯೇ. ರಾಮಾಚಾರಿ, ಮಾರ್ಗರೆಟ್ ಇಬ್ಬರೂ ಚಿತ್ರದುರ್ಗದ ಬೆಟ್ಟದ ಮೇಲೆ ಕತೆ ಮುಗಿಸಿಬಿಡುತ್ತಾರೆ. ಅಲ್ಲಿಂದ ಮುಂದೆ ದಾರಿ ಇಲ್ಲ.

ಆಮೇಲೆ ಬಂದವರು ಈ ಹೆಸರುಗಳನ್ನು ಎರವಲು ಪಡೆದದ್ದುಂಟು. 1991ರಲ್ಲಿ ರವಿಚಂದ್ರನ್ ‘ರಾಮಾಚಾರಿ’ ಆದರು. 2014ರಲ್ಲಿ ಯಶ್ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ ಮಾಡಿದರು. 2017ರಲ್ಲಿ ಶಿವರಾಜ್‌ಕುಮಾರ್ ರೈತರ ಕಷ್ಟ ಹೇಳುವ ‘ಬಂಗಾರ ಸನ್ ಆಫ್ ಬಂಗಾರದ ಮನುಷ್ಯ’ ಮಾಡಿದರು. ಆದರೆ ಇವರು ಯಾರೂ ಹಳೆಯ ಕತೆಯ ಬಾಗಿಲು ಒಡೆಯಲಿಲ್ಲ. ತಾತನ ಹೆಸರನ್ನು ಮೊಮ್ಮಗನಿಗೆ ಇಟ್ಟ ಹಾಗೆ ಇಟ್ಟುಕೊಂಡರು. ಅದಕ್ಕೆ ಯಾರ ತಕರಾರೂ ಇಲ್ಲ.

ಕೂಳೆಯ ಲೆಕ್ಕ

ಕಬ್ಬು ಬೆಳೆಯುವವರಿಗೆ ಕೂಳೆ ಅಂದರೆ ಬಿಡಿಸಿ ಹೇಳಬೇಕಾಗಿಲ್ಲ. ಮೊದಲ ಸಲ ಬಿತ್ತನೆ ತುಂಡು ತಂದು ನೆಟ್ಟು ಬೆಳೆದದ್ದು ತನಿ ಕಬ್ಬು. ಅದನ್ನು ಕಡಿದ ಮೇಲೆ ಉಳಿದ ಬುಡದಿಂದ ಚಿಗುರಿ ಬರುವುದು ಕೂಳೆ. ಉಳುಮೆ ಖರ್ಚಿಲ್ಲ, ಬಿತ್ತನೆ ಖರ್ಚಿಲ್ಲ. ಹಾಗಂತ ಕೈಕಟ್ಟಿ ಕೂತರೆ ಇಳುವರಿ ಬೀಳುತ್ತದೆ. ಬುಡ ಸವರಬೇಕು, ಹುಸಿ ಹೋದ ಕಡೆ ಹೊಸ ಸಸಿ ನೆಡಬೇಕು, ಗೊಬ್ಬರ ತನಿ ಕಬ್ಬಿಗಿಂತ ಜಾಸ್ತಿಯೇ ಕೊಡಬೇಕು.

2000ದ ಇಸವಿ ಕಳೆದ ಮೇಲೆ ಕನ್ನಡ ಸಿನಿಮಾದಲ್ಲಿ ಕೂಳೆ ಬೆಳೆಯ ಆಸೆ ಹೆಚ್ಚಾಯಿತು. ಅದಕ್ಕೆ ಕಾರಣವೂ ಇದೆ. ಮೊದಲು ಸಿನಿಮಾ ರೀಲಿನ ಡಬ್ಬಿಯಲ್ಲಿ ಊರೂರಿಗೆ ಹೋಗುತ್ತಿತ್ತು. ಪ್ರಿಂಟುಗಳು ಕೆಲವೇ ಇರುತ್ತಿದ್ದವು. ಬೆಂಗಳೂರು, ಮೈಸೂರಿನಲ್ಲಿ ಓಡಿ, ಆಮೇಲೆ ಜಿಲ್ಲೆ, ಆಮೇಲೆ ತಾಲ್ಲೂಕು. ನಮ್ಮೂರ ಹತ್ತಿರದ ಟಾಕೀಸಿಗೆ ಬರುವ ಹೊತ್ತಿಗೆ ಚೆನ್ನಾಗಿದೆಯೋ ಇಲ್ಲವೋ ಅನ್ನುವುದು ಬಾಯಿಂದ ಬಾಯಿಗೆ ಬಂದು ಮುಟ್ಟಿರುತ್ತಿತ್ತು. ಡಿಜಿಟಲ್ ಪ್ರೊಜೆಕ್ಟರ್ ಬಂದ ಮೇಲೆ ಒಂದೇ ದಿನ ಎಲ್ಲ ಕಡೆ ಬಿಡುಗಡೆ ಮಾಡುವುದು ಸುಲಭವಾಯಿತು. ಈಗ ಮೊದಲ ಮೂರು ದಿನದ ಗಳಿಕೆಯೇ ದೊಡ್ಡದು. ಆ ಮೂರು ದಿನ ಜನ ಬರುವುದು ಸಿನಿಮಾ ಹೇಗಿದೆ ಅಂತ ಕೇಳಿಕೊಂಡಲ್ಲ, ಹೆಸರು ನೋಡಿಕೊಂಡು. ಗೆದ್ದ ಸಿನಿಮಾದ ಹೆಸರಿಗಿಂತ ದೊಡ್ಡ ಹೆಸರು ಎಲ್ಲಿ ಸಿಗುತ್ತದೆ?

ಹೀಗೆ ಹೆಸರಿನ ಮುಂದೆ ಅಂಕಿ ಕೂತಿತು. ಸುದೀಪ್ ಅವರ ‘ಹುಚ್ಚ’ 2001ರದು. 2018ರಲ್ಲಿ ‘ಹುಚ್ಚ 2’ ಬಂತು, ಅದರಲ್ಲಿ ಸುದೀಪ್ ಇರಲಿಲ್ಲ. ಅವರದೇ ‘ಕೆಂಪೇಗೌಡ’ 2011ರದು. 2019ರಲ್ಲಿ ‘ಕೆಂಪೇಗೌಡ 2’ ಬಂತು, ಅದರಲ್ಲಿ ಖಾಕಿ ತೊಟ್ಟವರು ಕೋಮಲ್.

ತಾಯಿ ಇಲ್ಲದ ಜೋಗಿ

ಈಗ ಅವ್ವನ ಪ್ರಶ್ನೆಗೆ ಬರೋಣ. ನಿರ್ದೇಶಕ ಪ್ರೇಮ್ ಅವರ ‘ಜೋಗಿ’ 2005ರ ಆಗಸ್ಟ್ 19ರಂದು ತೆರೆಗೆ ಬಂತು. ಮಾದೇಶ ಅನ್ನುವ ಹಳ್ಳಿ ಹುಡುಗ ದುಡಿಯಲೆಂದು ಬೆಂಗಳೂರಿಗೆ ಹೋಗುತ್ತಾನೆ. ಅಲ್ಲಿ ಮಚ್ಚು ಹಿಡಿಯುವ ಪರಿಸ್ಥಿತಿ ಬರುತ್ತದೆ. ಇತ್ತ ತಾಯಿ ಮಗನನ್ನು ಹುಡುಕಿಕೊಂಡು ಅದೇ ಬೆಂಗಳೂರಿಗೆ ಬರುತ್ತಾಳೆ. ಇಬ್ಬರೂ ಒಂದೇ ಊರಲ್ಲಿದ್ದರೂ ಒಬ್ಬರಿಗೊಬ್ಬರು ಸಿಗುವುದಿಲ್ಲ. ಕೊನೆಗೆ ಒಂದು ಹೆಣದ ಮುಂದೆ ಮಾದೇಶ ಕುಣಿಯುತ್ತಾನೆ. ಅದು ತನ್ನ ತಾಯಿಯ ಹೆಣ ಅಂತ ಅವನಿಗೆ ಗೊತ್ತಿರುವುದಿಲ್ಲ. ಗೊತ್ತಾಗುವ ಹೊತ್ತಿಗೆ ಎಲ್ಲ ಮುಗಿದಿರುತ್ತದೆ.

ಶಿವರಾಜ್‌ಕುಮಾರ್ ಅವರ ಕೂದಲು, ಗುರುಕಿರಣ್ ಅವರ ಹಾಡು, ಹೊಡೆದಾಟ ಎಲ್ಲವೂ ಜನರನ್ನು ಎಳೆದವು, ನಿಜ. ಆದರೆ ಟ್ರೇಲರಿನಲ್ಲಿ ಕೂತ ಹೆಂಗಸರು ಸುಮ್ಮನಾದದ್ದು ಅದರಿಂದಲ್ಲ. ಅರುಂಧತಿ ನಾಗ್ ಆ ತಾಯಿಯಾಗಿ ಬೀದಿ ಬೀದಿ ಅಲೆದದ್ದನ್ನು ನೋಡಿ. ಮಗ ಬೆಂಗಳೂರಿಗೆ ಹೋದ, ಕಾಗದವಿಲ್ಲ, ಫೋನಿಲ್ಲ. ಆಗ ಹಳ್ಳಿ ಹಳ್ಳಿಯಲ್ಲಿ ಈ ಕತೆ ಇತ್ತು. ‘ಜೋಗಿ’ಯನ್ನು 2007ರಲ್ಲಿ ತೆಲುಗಿನಲ್ಲಿ ಪ್ರಭಾಸ್, ತಮಿಳಿನಲ್ಲಿ ಧನುಷ್ ಮಾಡಿದರು. ಊರು ಬಿಟ್ಟ ಮಕ್ಕಳು ಅಲ್ಲಿಯೂ ಇದ್ದಾರಲ್ಲ.

ಸರಿಯಾಗಿ ಆರು ವರ್ಷಕ್ಕೆ, 2011ರ ಆಗಸ್ಟ್ 19ರಂದು ‘ಜೋಗಯ್ಯ’ ಬಂತು. ಅದೇ ನಿರ್ದೇಶಕ, ಅದೇ ನಾಯಕ. ಅದು ಶಿವರಾಜ್‌ಕುಮಾರ್ ಅವರ ನೂರನೇ ಸಿನಿಮಾ. ನಿರೀಕ್ಷೆ ಬೆಟ್ಟದಷ್ಟಿತ್ತು. ಮೊದಲ ದಿನಗಳಲ್ಲಿ ಟಾಕೀಸಿನ ಮುಂದೆ ಜಾತ್ರೆ. ಕತೆ ಮುಂಬೈಗೆ ಹೋಗಿತ್ತು. ಮಾದೇಶ ಇದ್ದ, ಅವನ ಹೆಸರಿನ ಅಬ್ಬರ ಇತ್ತು. ತಾಯಿ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ಅವಳು ಸತ್ತಿದ್ದಳು. ಅವಳಿಗಾಗಿ ಊರು ಬಿಟ್ಟವನು, ಅವಳನ್ನು ಕಳೆದುಕೊಂಡ ಮೇಲೆ ಯಾತಕ್ಕೆ ಹೊಡೆದಾಡಬೇಕು? ಈ ಪ್ರಶ್ನೆಗೆ ಸಿನಿಮಾದ ಹತ್ತಿರ ಉತ್ತರ ಇರಲಿಲ್ಲ. ಅಭಿಮಾನಿಗಳು ಶಿಳ್ಳೆ ಹೊಡೆದರು, ಹೆಂಗಸರ ಸಾಲು ಬೇಗ ಖಾಲಿಯಾಯಿತು.

‘ಜೋಗಿ’ಯಲ್ಲಿ ನಮ್ಮ ಬೀದಿಯ ಕತೆ ಇತ್ತು. ‘ಜೋಗಯ್ಯ’ದಲ್ಲಿ ಇದ್ದದ್ದು ‘ಜೋಗಿ’ ಅನ್ನುವ ಸಿನಿಮಾದ ಕತೆ. ಎರಡಕ್ಕೂ ಇರುವ ವ್ಯತ್ಯಾಸ ಇಷ್ಟೇ ಅಂತ ನನಗನ್ನಿಸುತ್ತದೆ.

ಮಳೆ ಇಲ್ಲದ ವರ್ಷದ ‘ಮುಂಗಾರು ಮಳೆ’

2006ರ ಡಿಸೆಂಬರ್ 29ರಂದು ‘ಮುಂಗಾರು ಮಳೆ’ ಬಂದಾಗ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. ನಿರ್ದೇಶಕ ಯೋಗರಾಜ ಭಟ್ಟರು ಅದಕ್ಕೂ ಮುಂಚೆ ಮಾಡಿದ್ದು ‘ಮಣಿ’ ಮತ್ತು ‘ರಂಗ ಎಸ್ಸೆಸ್ಸೆಲ್ಸಿ’. ಗಣೇಶ್ ಟಿವಿಯ ಕಾಮಿಡಿ ಕಾರ್ಯಕ್ರಮದಿಂದ ಬಂದವರು. ಮನೋಮೂರ್ತಿ ಅವರ ಸಂಗೀತ, ಜಯಂತ ಕಾಯ್ಕಿಣಿ ಅವರ ಸಾಲು, ಎಸ್. ಕೃಷ್ಣ ಅವರ ಕ್ಯಾಮೆರಾದಲ್ಲಿ ಜೋಗ ಜಲಪಾತ, ಸುರಿಯುವ ಮಳೆ, ಜೊತೆಗೊಂದು ಮೊಲ. ಬೆಂಗಳೂರಿನ ಮಲ್ಟಿಪ್ಲೆಕ್ಸಿನಲ್ಲಿ ವರ್ಷಕ್ಕೂ ಮೀರಿ ಓಡಿತು. ಪ್ರೀತಿಸಿದವಳನ್ನು ಬೇರೆಯವನಿಗೆ ಬಿಟ್ಟುಕೊಟ್ಟು ಪ್ರೀತಮ್ ಒಬ್ಬನೇ ಹಿಂತಿರುಗುತ್ತಾನೆ. ನಾಯಕ ಸೋತ, ಸಿನಿಮಾ ಗೆದ್ದಿತು.

ಹತ್ತು ವರ್ಷ ಕಳೆದು 2016ರ ಸೆಪ್ಟೆಂಬರ್‌ನಲ್ಲಿ ‘ಮುಂಗಾರು ಮಳೆ 2’ ಬಂತು. ಗಣೇಶ್ ಇದ್ದರು. ನಿರ್ದೇಶಕರು ಬೇರೆ, ಶಶಾಂಕ್. ಸಂಗೀತ ಅರ್ಜುನ್ ಜನ್ಯ. ನಾಯಕಿ ಹೊಸಬರು, ಕತೆಯೂ ಹಳೆಯದರ ಮುಂದುವರಿಕೆಯಲ್ಲ. ಹಾಡುಗಳು ಜನರ ಬಾಯಲ್ಲಿ ನಿಂತವು, ಸಿನಿಮಾ ಮಾತ್ರ ಮೊದಲನೆಯದರ ಹತ್ತಿರಕ್ಕೂ ಬರಲಿಲ್ಲ.

ಒಂದು ಮಾತನ್ನು ನ್ಯಾಯವಾಗಿ ಹೇಳಬೇಕು. ಆ ವರ್ಷ ಮಳೆ ಕೈಕೊಟ್ಟಿತ್ತು. ಕೆಆರ್‌ಎಸ್ ತುಂಬಿರಲಿಲ್ಲ. ತಮಿಳುನಾಡಿಗೆ ಕಾವೇರಿ ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟ್ ಆದೇಶದ ವಿರುದ್ಧ ಸೆಪ್ಟೆಂಬರ್ 9ರಂದು ಕರ್ನಾಟಕ ಬಂದ್ ಆಯಿತು. 12ರಂದು ಬೆಂಗಳೂರಿನಲ್ಲಿ ಬಸ್ಸು ಲಾರಿ ಸುಟ್ಟವು, ಕರ್ಫ್ಯೂ ಬಿತ್ತು. ಈ ಗಲಾಟೆಯ ನಡುವೆಯೇ ಸಿನಿಮಾ ತೆರೆ ಕಂಡಿತು. ನಾಲೆಯಲ್ಲಿ ನೀರಿಲ್ಲದೆ ಮಂಡ್ಯದ ರೈತ ರಸ್ತೆಯಲ್ಲಿ ಕೂತಿದ್ದಾಗ ಗೋಡೆಯ ಪೋಸ್ಟರಿನಲ್ಲಿ ಮುಂಗಾರು ಮಳೆ. ಆ ವಾರ ಯಾವ ಸಿನಿಮಾ ಬಂದಿದ್ದರೂ ಏಟು ತಿನ್ನುತ್ತಿತ್ತು. ಆದರೆ ಬಂದ್ ಒಂದೇ ದಿನದ್ದು. ಆಮೇಲೂ ಆ ಸಿನಿಮಾವನ್ನು ಜನ ಮೊದಲನೆಯದರಂತೆ ಎದೆಗೆ ಹಚ್ಚಿಕೊಳ್ಳಲಿಲ್ಲ ಅನ್ನುವುದೂ ಸತ್ಯ.

ಕೂಳೆಯೂ ಚೆನ್ನಾಗಿ ಬರುತ್ತದೆ

ಎರಡನೇ ಭಾಗ ಅಂದ ತಕ್ಷಣ ಮೂಗು ಮುರಿಯಬೇಕಿಲ್ಲ. 2004ರ ‘ಆಪ್ತಮಿತ್ರ’ ಆದ ಮೇಲೆ ನಿರ್ದೇಶಕ ಪಿ. ವಾಸು 2010ರಲ್ಲಿ ‘ಆಪ್ತರಕ್ಷಕ’ ಮಾಡಿದರು. ಅದು ಗೆದ್ದಿತು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡಿದ್ದರು. ಎರಡೇ ತಿಂಗಳೊಳಗೆ ಬಂದ ಅವರ ಕೊನೆಯ ಸಿನಿಮಾವನ್ನು ಜನ ಕಣ್ಣೀರಿಟ್ಟುಕೊಂಡು ನೋಡಿದರು. ಅದೊಂದೇ ಕಾರಣವಲ್ಲ. ಅಲ್ಲಿ ವಿಷ್ಣು ಮಾಡಿದ್ದು ಡಾಕ್ಟರ್ ಪಾತ್ರ. ಡಾಕ್ಟರಿಗೂ ಪತ್ತೇದಾರನಂತೆಯೇ, ಒಬ್ಬ ರೋಗಿ ಗುಣವಾದರೆ ಇನ್ನೊಬ್ಬ ರೋಗಿ ಕಾದಿರುತ್ತಾನೆ. ನಾಗವಲ್ಲಿಯ ಪಟ ಇನ್ನೊಂದು ಮನೆಗೆ ಹೋಯಿತು, ಹೊಸ ಕತೆ ಹುಟ್ಟಿತು. ಅದೇ ಪಿ. ವಾಸು 2023ರಲ್ಲಿ ತಮಿಳಿನಲ್ಲಿ ‘ಚಂದ್ರಮುಖಿ 2’ ಮಾಡಿದಾಗ ಜನ ಒಪ್ಪಲಿಲ್ಲ. ಒಂದೇ ಬುಡದಿಂದ ಎಷ್ಟು ಸಲ ಕೂಳೆ ತೆಗೆಯಲು ಆಗುತ್ತದೆ?

‘ಕೆಜಿಎಫ್’ ಎರಡು ಭಾಗದಲ್ಲಿ ಬರುತ್ತದೆ ಅಂತ ಮೊದಲೇ ಹೇಳಿದ್ದರು. 2018ರಲ್ಲಿ ಅರ್ಧ ಕೇಳಿದ ಜನ 2022ರವರೆಗೆ ಇನ್ನರ್ಧಕ್ಕೆ ಕಾದರು. 2022ರ ‘ಕಾಂತಾರ’ದ ಕೊನೆಯಲ್ಲಿ ಶಿವ ಕಾಡಿನಲ್ಲಿ ಕಣ್ಮರೆಯಾಗುತ್ತಾನೆ. 2025ರಲ್ಲಿ ರಿಷಬ್ ಶೆಟ್ಟಿ ಅವನನ್ನು ವಾಪಸ್ ಎಳೆದು ತರಲಿಲ್ಲ, ಕತೆಯ ಬೇರು ಹುಡುಕಿಕೊಂಡು ಹಿಂದಿನ ಕಾಲಕ್ಕೆ ಹೋದರು. ಮುಗಿದದ್ದನ್ನು ಮುಟ್ಟಲಿಲ್ಲ.

ಹಳೆಯ ಕತೆಗೆ ಒಂದು ಕೊನೆ ಇರುತ್ತದೆ. ಕೊನೆಯಲ್ಲಿ ನಾವು ಅತ್ತದ್ದಕ್ಕೆ ಅದು ನಮ್ಮದಾಗಿರುತ್ತದೆ. ಆ ಕೊನೆಯನ್ನು ಒರೆಸಿ ಮತ್ತೆ ಟಿಕೆಟ್ ಕೊಡುವವರು ನಮ್ಮ ದುಡ್ಡಿನ ಜೊತೆ ಆ ಅಳುವನ್ನೂ ಸುಳ್ಳು ಮಾಡುತ್ತಾರೆ.

ನಮ್ಮ ತಾಲ್ಲೂಕಿನ ಆ ಟಾಕೀಸು ಈಗ ಕಲ್ಯಾಣ ಮಂಟಪ. ‘ಜೋಗಯ್ಯ’ಕ್ಕೆ ಹೊರಟ ದಿನ ಅವ್ವ ಪಕ್ಕದ ಮನೆಯ ಬಾಗಿಲಲ್ಲಿ ನಿಂತು ಕರೆದಿದ್ದಳು. ಮಗ ಎಲ್ಲಿದ್ದಾನೆ ಅಂತ ಗೊತ್ತಿಲ್ಲದ ಮನೆ ಅದು. ಆಯಮ್ಮ ಅಂಗಳ ಗುಡಿಸುತ್ತಿದ್ದಳು. ಪೊರಕೆ ನಿಲ್ಲಿಸದೆ ಹೇಳಿದಳು: “ನೀವ್ ಹೋಗ್ಬನ್ನಿ. ನಾನ್ ಒಂದ್ಸಲ ನೋಡಿದೀನಲ್ಲ, ಸಾಕು.”