ರಿವೆಟ್ಟಿನ ಆಚೆ ಬದಿ

ನಿಮ್ಮ ಅಡಿಗೆಮನೆಯ ಬಾಣಲೆಯ ಹಿಡಿಯನ್ನು ಒಮ್ಮೆ ತಿರುಗಿಸಿ ನೋಡಿ. ಹಿಡಿ ಬಾಣಲೆಗೆ ಸೇರುವ ಕಡೆ ಒಂದೆರಡು ಗುಂಡುತಲೆಗಳು ಕಾಣುತ್ತವೆ. ಸ್ಕ್ರೂ ಅಲ್ಲ, ಬೆಸುಗೆಯೂ ಅಲ್ಲ. ಲೋಹದ ತುಂಡನ್ನು ತೂತಿನಲ್ಲಿ ತೂರಿಸಿ, ಒಂದು ಕಡೆ ಒತ್ತಿಹಿಡಿದು, ಇನ್ನೊಂದು ಕಡೆ ಬಡಿದು ತಲೆ ಅಗಲಿಸಿದ್ದಾರೆ. ಅದೇ ರಿವೆಟ್. ಆಕಾಶದಲ್ಲಿ ಹಾರುವ ವಿಮಾನವೂ ತಗಡಿಗೆ ತಗಡು ಹೀಗೆಯೇ ಸೇರಿ ಆಗಿರುವುದು. ಬೋಯಿಂಗ್ 747ರ ಸುಮಾರು 60 ಲಕ್ಷ ಬಿಡಿಭಾಗಗಳಲ್ಲಿ ಅರ್ಧದಷ್ಟು ಇಂಥ ಜೋಡಿಸುವ ಸಾಮಾನುಗಳೇ ಎಂದು ತಯಾರಕರು ಹೇಳುತ್ತಾರೆ.

ಇಷ್ಟನ್ನೆಲ್ಲ ಬಡಿದವರು ಯಾರು ಎಂದು ಓದುತ್ತಾ ಹೋದಂತೆ, ನನಗೆ ಯಂತ್ರಗಳ ಚರಿತ್ರೆಗಿಂತ ಕಿವಿ-ಬೆರಳುಗಳ ಚರಿತ್ರೆಯೇ ದೊಡ್ಡದಾಗಿ ಕಂಡಿತು.

1830ರ ದಶಕದಲ್ಲಿ ಮ್ಯಾಂಚೆಸ್ಟರ್‌ನ ಬಾಯ್ಲರ್ ಕೆಲಸಗಾರರು ಮುಷ್ಕರ ಹೂಡಿದರು. ಕಾರ್ಖಾನೆಯ ಯಜಮಾನ ವಿಲಿಯಂ ಫೇರ್‌ಬೇರ್ನ್ ಅವರ ಹಂಗಿಲ್ಲದೆ ರಿವೆಟ್ ಕೂರಿಸುವ ಯಂತ್ರವನ್ನೇ ಮಾಡಿಸಿಬಿಟ್ಟ. ಕೆಲಸಗಾರರ ನೋವು ನೋಡಿ ಹುಟ್ಟಿದ ಯಂತ್ರವಲ್ಲ ಅದು! ಆದರೂ ಯಂತ್ರ ಹೊಗದ ಕಡೆಗಳೇ ಹೆಚ್ಚಿದ್ದವು, ಸುತ್ತಿಗೆ ಉಳಿಯಿತು. ಹೊರಗೆ ಒಬ್ಬ ಬಡಿಯಬೇಕು, ಬಾಯ್ಲರಿನ ಒಳಗೆ ಕೂತು ಇನ್ನೊಬ್ಬ ಆಚೆ ಬದಿ ಒತ್ತಿ ಹಿಡಿಯಬೇಕು. ಗಂಟೆಯೊಳಗೆ ಕೂತವನ ಪಾಡು ಅವನದು. 1886ರಲ್ಲಿ ಗ್ಲಾಸ್ಗೋದ ವೈದ್ಯ ಥಾಮಸ್ ಬಾರ್ ಇಂಥ 100 ಮಂದಿಯ ಕಿವಿ ಪರೀಕ್ಷಿಸಿದ. ಸರಿಯಾಗಿ ಕೇಳಿಸುವವನು ಒಬ್ಬನೂ ಇರಲಿಲ್ಲ.

ಆಮೇಲೆ ಗಾಳಿಯ ಒತ್ತಡದಿಂದ ಗಡಗಡ ಬಡಿಯುವ ಸುತ್ತಿಗೆ ಬಂತು. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡ್‌ನಲ್ಲಿ, ಈ ಬಗೆಯ ಉಪಕರಣ ಹಿಡಿದು ಕಲ್ಲು ಕೆತ್ತುವವರ ಕೈಗಳನ್ನು ನೋಡಿದಳು. ಚಳಿಯಲ್ಲಿ ಅವರ ಬೆರಳುಗಳು ಬಿಳಿಚಿಕೊಂಡು ಜೋಮು ಹಿಡಿಯುತ್ತಿದ್ದವು. ಆ ಉಪಕರಣದ ಬಳಕೆಯೇ ಕಾರಣ ಎಂದು ಆಕೆ ಸ್ಪಷ್ಟವಾಗಿ ಬರೆದಳು. ಅದೇ ಜಾತಿಯ ಗಾಳಿಸುತ್ತಿಗೆ ಕಾಲು ಶತಮಾನದ ನಂತರ ಹೆಂಗಸರ ಕೈಗೆ ಬಂತು.

ಎರಡನೆಯ ಮಹಾಯುದ್ಧಕ್ಕೆ ಗಂಡಸರು ಹೋದಾಗ ಅಮೆರಿಕದ ವಿಮಾನ ಕಾರ್ಖಾನೆಗಳು ಹೆಂಗಸರನ್ನು ಕರೆದವು. ಮಿಶಿಗನ್‌ನ ವಿಲೋ ರನ್‌ನಲ್ಲಿ ಫೋರ್ಡ್ ಕಂಪನಿ ಮಾಡುತ್ತಿದ್ದ ಬಿ-24 ಲಿಬರೇಟರ್ ವಿಮಾನ ಒಂದಕ್ಕೇ ಮೂರು ಲಕ್ಷಕ್ಕೂ ಹೆಚ್ಚು ರಿವೆಟ್! ಈಚೆ ಒಬ್ಬಳು ಗಾಳಿಗನ್ನು ಹಿಡಿದರೆ, ಆಚೆ ಇನ್ನೊಬ್ಬಳು ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯಬೇಕು. ನಡುವೆ ತಗಡು, ಮುಖ ಕಾಣದು, ಮಾತು ಕೇಳದು. ಹೀಗಾಗಿ ತಗಡಿನ ಮೇಲೆ ತಟ್ಟಿಯೇ ಸನ್ನೆ: ಸರಿಯಾಯಿತು, ಇನ್ನೊಮ್ಮೆ ಬಡಿ, ಇದು ಕೆಟ್ಟಿತು ತೆಗೆ. 'ರೋಸಿ ದಿ ರಿವೆಟರ್' ಎಂಬ ಹಾಡು ಬಂದದ್ದು, ನಾರ್ಮನ್ ರಾಕ್‌ವೆಲ್ 1943ರಲ್ಲಿ ಅವಳನ್ನು ಪತ್ರಿಕೆಯ ಮುಖಪುಟಕ್ಕೆ ಬರೆದದ್ದು ಇದೇ ಕಾಲದಲ್ಲಿ. ಚಿತ್ರದ ರೋಸಿಯ ತೊಡೆಯ ಮೇಲೂ ಗಾಳಿಗನ್ನು ಇದೆ. ಆಚೆ ಬದಿಯವಳ ಚಿತ್ರವನ್ನು ಮಾತ್ರ ಯಾರೂ ಬರೆಯಲಿಲ್ಲವಲ್ಲ ಎಂದು ನನಗನ್ನಿಸುತ್ತದೆ.

ವಿಲೋ ರನ್‌ನಲ್ಲಿ ನಿಜವಾಗಿಯೂ ರೋಸ್ ಎಂಬುವಳಿದ್ದಳು. ಕೆಂಟಕಿಯ ರೋಸ್ ವಿಲ್ ಮನ್ರೋ, ಗಂಡ ಸತ್ತ, ಎರಡು ಹೆಣ್ಣುಮಕ್ಕಳ ತಾಯಿ. ಯುದ್ಧ ಮುಗಿದ ಮೇಲೆ ಸಾವಿರಾರು ಹೆಂಗಸರನ್ನು ಮನೆಗೆ ಕಳಿಸಿದರು. ಅವಳು ಟ್ಯಾಕ್ಸಿ ಓಡಿಸಿದಳು, ಬ್ಯೂಟಿ ಪಾರ್ಲರ್ ನಡೆಸಿದಳು, ಮನೆ ಕಟ್ಟಿಸುವ ಕಂಪನಿ ತೆರೆದಳು, ಐವತ್ತರ ವಯಸ್ಸಿನಲ್ಲಿ ವಿಮಾನ ಹಾರಿಸಲು ಕಲಿತಳು. ಲಿಬರೇಟರ್‌ಗಳ ಕಥೆ ನಮ್ಮ ಊರಿನವರೆಗೂ ಬರುತ್ತದೆ. ಯುದ್ಧಾನಂತರ ಕಾನ್ಪುರದಲ್ಲಿ ಕೆಡಿಸಿ ಬಿಟ್ಟುಹೋಗಿದ್ದ ಅಂಥ ವಿಮಾನಗಳನ್ನು ಬೆಂಗಳೂರಿನ ಎಚ್.ಎ.ಎಲ್. ದುರಸ್ತಿ ಮಾಡಿತು. ಅವು 1968ರವರೆಗೆ ನಮ್ಮ ವಾಯುಪಡೆಯಲ್ಲಿ ಹಾರಿದವು.

ಮುಂದೆ ಎಣ್ಣೆಯ ಒತ್ತಡದಿಂದ ನಡೆಯುವ ದೊಡ್ಡ ಯಂತ್ರಗಳು ಬಂದವು. ಆಮೇಲೆ ವಿದ್ಯುತ್ತಿನವು. 1986ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಪೀಟರ್ ಝೀವ್ ಎಂಬ ಎಂಜಿನಿಯರ್ ಕಡಿಮೆ ವೋಲ್ಟೇಜಿನ ವಿದ್ಯುತ್ಕಾಂತ ರಿವೆಟರ್ ನಂಬಿ ಇಲೆಕ್ಟ್ರೋಇಂಪ್ಯಾಕ್ಟ್ ಕಂಪನಿ ತೆರೆದ. ಕೂಡಿಟ್ಟ ವಿದ್ಯುತ್ತನ್ನು ಒಮ್ಮೆಲೇ ತಾಮ್ರದ ಸುರುಳಿಗೆ ಬಿಟ್ಟರೆ, ಹುಟ್ಟಿದ ಕಾಂತಶಕ್ತಿ ಎದುರಿನ ಲೋಹವನ್ನು ಒದೆಯುತ್ತದೆ. ನೂರು ಏಟಿನ ಬದಲು ಒಂದೇ ಏಟು, ಅದೂ ಎರಡೂ ಬದಿಯಿಂದ. ಸರ್ವೋ ಮೋಟಾರಿನ ಪೂರ್ಣ ವಿದ್ಯುತ್ ಯಂತ್ರಕ್ಕೆ ಆ ಏಟೂ ಬೇಕಿಲ್ಲ. ತಾನೇ ತಗಡುಗಳನ್ನು ಅದುಮಿ ಹಿಡಿದು, ತೂತು ಕೊರೆದು, ರಿವೆಟ್ ತೂರಿಸಿ, ನಾವು ಚಕ್ಕುಲಿ ಒತ್ತಿದಂತೆ ಮೆಲ್ಲಗೆ ಒತ್ತುತ್ತದೆ. ಯಾವ ರಿವೆಟ್ಟಿಗೆ ಎಷ್ಟು ಬಲ ಬಿತ್ತೆಂಬ ಲೆಕ್ಕವನ್ನೂ ಇಡುತ್ತದೆ. ಎಣ್ಣೆಯಿಲ್ಲ, ನಡುಕವಿಲ್ಲ.

ಬಾರ್, ಹ್ಯಾಮಿಲ್ಟನ್ ಬರೆದದ್ದನ್ನು ಓದಿ ಯಾರೋ ಮರುಗಿ ಇದನ್ನು ಮಾಡಿದರೆಂದು ನನಗನ್ನಿಸುವುದಿಲ್ಲ. ವಿಮಾನ ಬೇಗ ಆಗಬೇಕಿತ್ತು, ಪ್ರತಿ ರಿವೆಟ್ಟೂ ಒಂದೇ ಹದದಲ್ಲಿ ಕೂರಬೇಕಿತ್ತು. ಕಿವಿ ಉಳಿದದ್ದು ಅದರ ಜೊತೆಗೆ ಬಂದ ಲಾಭ. ಉಳಿದ ಕಿವಿಗಳ ಜೊತೆಗೆ ಎಷ್ಟೋ ಕೆಲಸಗಳೂ ಹೋದವು.

ಇಷ್ಟಾಗಿಯೂ ಯಂತ್ರದ ತೋಳು ನುಗ್ಗದ ಇಕ್ಕಟ್ಟುಗಳು ವಿಮಾನದಲ್ಲಿ ಇದ್ದೇ ಇವೆ. ಅಲ್ಲಿ ಇವತ್ತಿಗೂ ಇಬ್ಬರು ಬೇಕು. ಈಚೆಯವರು ಬಡಿದು ನಿಲ್ಲಿಸಿ, ಆಚೆಯಿಂದ ತಟ್ಟುವ ಸದ್ದಿಗೆ ಕಾಯುತ್ತಾರೆ.